ಕುಂಡದ ಮಣ್ಣಿನ ನುಸಿಗಳು: ಹಗೆ ಯಾವುದು, ಹಿತೈಷಿ ಯಾವುದು?

(ಭಾಷಣದ ಲಿಖಿತ ರೂಪ)



ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ ಮೊದಲಾದ ಮಹಾನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಅಂಗಳವುಳ್ಳ ಮನೆ ದೊರೆತವರು ವಿರಳ. ಅಂಗಳದ ಸ್ಥಾನವನ್ನು ಬಾಲ್ಕನಿಯು, ಅದೂ ಇಲ್ಲದ ಕಡೆ ಕಿಟಕಿಯ ಕಟ್ಟೆಯು ತುಂಬಿಕೊಟ್ಟಿದೆ. ಅಲ್ಲಿ ಒಂದು ತುಳಸಿ, ಒಂದು ದೊಡ್ಡಪತ್ರೆ, ಊರಿನಿಂದ ತಂದ ಕರಿಬೇವಿನ ಸಸಿ, ಒಳಕೋಣೆಯ ಮೂಲೆಯಲ್ಲಿ ಒಂದು ಮನಿ ಪ್ಲಾಂಟ್, ತಟ್ಟೆಯಲ್ಲಿ ಮೊಳೆಯುತ್ತಿರುವ ಮೆಂತ್ಯ ಅಥವಾ ಕೊತ್ತಂಬರಿ, ಇಷ್ಟಾದರೂ ಇದ್ದೇ ಇರುತ್ತವೆ. ಮನೆಯೊಳಗೆ ಗಿಡ ಬೆಳೆಸುವ ಈ ಹವ್ಯಾಸವು ಇತ್ತೀಚಿನ ವರ್ಷಗಳಲ್ಲಿ ಬಹಳವಾಗಿ ಹೆಚ್ಚಿದೆ. ಅದರೊಡನೆ ಒಂದು ದೂರೂ ಹೆಚ್ಚಿದೆ. ಕುಂಡಕ್ಕೆ ನೀರೆರೆದೊಡನೆ ಚಿಕ್ಕ ಕಪ್ಪು ನೊಣಗಳು ಮೇಲೇಳುತ್ತವೆ. ದೀಪದ ಸುತ್ತ, ಚಹಾದ ಲೋಟದ ಸುತ್ತ ಸುಳಿದಾಡುತ್ತವೆ. ಬಗ್ಗಿ ನೋಡಿದರೆ ಮಣ್ಣಿನ ಮೇಲೆಯೂ ಏನೋ ಹರಿದಾಡುತ್ತಿರುತ್ತದೆ. ಇದಕ್ಕೆ ಏನು ಔಷಧ ಹಾಕಬೇಕು ಎಂಬುದೇ ಎಲ್ಲರ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹೇಳುವ ಮುನ್ನ ಹಾರುವ ಜೀವಿ ಯಾವುದು, ಹರಿದಾಡುವ ಜೀವಿ ಯಾವುದು ಎಂಬುದನ್ನು ಬೇರ್ಪಡಿಸಿ ತಿಳಿಯುವುದು ಅವಶ್ಯ. ಎರಡನ್ನೂ ಒಂದೇ ಎಂದು ಬಗೆದು ಕುಂಡಕ್ಕೆ ವಿಷ ಸುರಿಯುವುದರಿಂದ ಹಗೆಯು ಉಳಿದು ಹಿತೈಷಿಯು ಅಳಿಯುವ ಪ್ರಸಂಗ ಒದಗುತ್ತದೆ. ಅಷ್ಟೇ ಅಲ್ಲದೆ, ಮಕ್ಕಳು ಮಲಗುವ ಕೋಣೆಯಲ್ಲಿಯೇ ವಿಷವನ್ನು ಇಟ್ಟುಕೊಂಡಂತಾಗುತ್ತದೆ. ಇಂದಿನ ಮಾತುಗಳ ಉದ್ದೇಶವು ಈ ಎಚ್ಚರವನ್ನು ನೀಡುವುದಾಗಿದೆ.

ಒಂದೇ ಹೆಸರು, ಬೇರೆ ಬೇರೆ ಜೀವಿಗಳು

ಗೊಂದಲದ ಮೂಲವು ಸ್ವಲ್ಪಮಟ್ಟಿಗೆ ನಮ್ಮ ಮಾತಿನಲ್ಲಿಯೇ ಇದೆ. ಕಣ್ಣಿನ ಸುತ್ತ ಮುತ್ತುವ ಸಣ್ಣ ನೊಣವನ್ನು ನಾವು 'ನುಸಿ' ಎನ್ನುತ್ತೇವೆ. ಡಬ್ಬಿಯ ಅಕ್ಕಿಗೆ ಹುಳು ಬಿದ್ದರೂ 'ನುಸಿ ಹಿಡಿದಿದೆ' ಎನ್ನುತ್ತೇವೆ. ಕೃಷಿ ವಿಜ್ಞಾನದ ಕನ್ನಡ ಪುಸ್ತಕಗಳು ಇಂಗ್ಲಿಷಿನ 'ಮೈಟ್' ಎಂಬ ಪದಕ್ಕೂ 'ನುಸಿ' ಎಂಬ ಪದವನ್ನೇ ಬಳಸುತ್ತವೆ. 1998ರ ಸುಮಾರಿಗೆ ದಕ್ಷಿಣ ಭಾರತದ ತೆಂಗಿನ ತೋಟಗಳಿಗೆ ಹಬ್ಬಿದ 'ನುಸಿ ಪೀಡೆ'ಯನ್ನು ತುಮಕೂರು, ಹಾಸನ, ಮಂಡ್ಯ ಜಿಲ್ಲೆಗಳ ಮೂಲದವರು ಮರೆತಿರಲಾರರು. ಎಳೆಗಾಯಿಯ ತೊಟ್ಟಿನ ಅಡಿಯಲ್ಲಿ ಅಡಗಿ ರಸ ಹೀರಿ, ಕಾಯಿಯನ್ನು ಕಂದುಗಟ್ಟಿಸಿ ಸುಕ್ಕಾಗಿಸುತ್ತಿದ್ದ ಆ ಜೀವಿಯು ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದುದು. ಅಂದಿನಿಂದ ನುಸಿ ಎಂದರೆ ಪೀಡೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ.

ಆದರೆ ನುಸಿಗಳದು ಬಹು ದೊಡ್ಡ ಕುಲ. ಅವು ಕೀಟಗಳೇ ಅಲ್ಲ. ಕೀಟಗಳಿಗೆ ಆರು ಕಾಲು. ಬೆಳೆದ ನುಸಿಗಳಿಗೆ ಸಾಮಾನ್ಯವಾಗಿ ಎಂಟು ಕಾಲು. ಅವುಗಳಿಗೆ ರೆಕ್ಕೆಯಿಲ್ಲ. ಜೇಡ, ಚೇಳು, ಉಣ್ಣೆಗಳು ಅವುಗಳ ಬಂಧುವರ್ಗ. ಕುಂಡದಿಂದ ಮೇಲೆ ಹಾರುವ ಜೀವಿಯಾದರೋ ಎರಡು ರೆಕ್ಕೆಗಳುಳ್ಳ ಕೀಟ. ಸೊಳ್ಳೆ, ನೊಣಗಳ ಗಣಕ್ಕೆ ಸೇರಿದುದು. ಈ ಉಪನ್ಯಾಸದಲ್ಲಿ ಹಾರುವುದನ್ನು 'ಶಿಲೀಂಧ್ರ ನೊಣ' ಎಂದೂ, ಮಣ್ಣಿನಲ್ಲಿ ನಡೆದಾಡುವ ಎಂಟು ಕಾಲಿನದನ್ನು 'ಮಣ್ಣಿನ ನುಸಿ' ಎಂದೂ ಕರೆಯೋಣ.

ಶಿಲೀಂಧ್ರ ನೊಣದ ಪರಿಚಯ

ಇಂಗ್ಲಿಷಿನಲ್ಲಿ 'ಫಂಗಸ್ ನ್ಯಾಟ್' ಎಂದು ಕರೆಯಲ್ಪಡುವ ಈ ನೊಣವು ಸಿಯಾರಿಡೇ ಎಂಬ ಕುಟುಂಬಕ್ಕೆ ಸೇರಿದೆ. ಕುಂಡಗಳಲ್ಲಿ ಕಂಡುಬರುವವು ಹೆಚ್ಚಾಗಿ ಬ್ರ್ಯಾಡಿಸಿಯಾ ಎಂಬ ಜಾತಿಯವು. ಉದ್ದ ಸುಮಾರು 2ರಿಂದ 3 ಮಿಲಿಮೀಟರು, ಬಣ್ಣ ಕಪ್ಪು, ಕಾಲುಗಳು ನೀಳ, ಹಾರಾಟ ದುರ್ಬಲ. ಇದು ಕಚ್ಚುವುದಿಲ್ಲ, ಮನುಷ್ಯರಿಗೆ ರೋಗವನ್ನೂ ತರುವುದಿಲ್ಲ. ಬಾಳೆಹಣ್ಣಿನ ಮೇಲೆ ಮುತ್ತುವ, ಕೆಂಪು ಕಣ್ಣಿನ ಹಣ್ಣಿನ ನೊಣವೂ, ಬಚ್ಚಲಿನ ಗೋಡೆಗೆ ಅಂಟಿ ಕೂರುವ, ಪತಂಗದಂತೆ ರೋಮವುಳ್ಳ ಮೋರಿ ನೊಣವೂ ಬೇರೆ. ಅವುಗಳ ನೆಲೆ ಕುಂಡವಲ್ಲ. ಆದುದರಿಂದ ಕುಂಡಕ್ಕೆ ಮಾಡುವ ಉಪಚಾರದಿಂದ ಅವು ಹೋಗಲಾರವು.

ಹೆಣ್ಣು ನೊಣವು ಒಂದು ವಾರದಷ್ಟು ಬದುಕುತ್ತದೆ. ಆ ಅವಧಿಯಲ್ಲಿ ಅದು ಒದ್ದೆ ಮಣ್ಣಿನ ಸಂದುಗಳಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನಿಡಬಲ್ಲದು. ಉಷ್ಣತೆಯು 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಮೊಟ್ಟೆಗಳು ಸುಮಾರು 3 ದಿನಗಳಲ್ಲಿ ಒಡೆಯುತ್ತವೆ. ಹೊರಬಂದ ಮರಿಹುಳುಗಳು ಸುಮಾರು 10 ದಿನ ಮೇಯುತ್ತವೆ. ಅನಂತರ ಸುಮಾರು 4 ದಿನ ಕೋಶಾವಸ್ಥೆಯಲ್ಲಿದ್ದು ನೊಣಗಳಾಗಿ ಹೊರಬೀಳುತ್ತವೆ. ಎಂದರೆ, ಎರಡೂವರೆ ವಾರಗಳಿಗೆ ಒಂದು ಪೀಳಿಗೆ. ನಮ್ಮ ಕಣ್ಣಿಗೆ ಬೀಳುವ ನೊಣಗಳನ್ನು ಹೊಡೆದು ಹಾಕಿದ ಮಾತ್ರಕ್ಕೆ ತೊಂದರೆ ನಿವಾರಣೆಯಾಗದಿರುವುದಕ್ಕೆ ಕಾರಣವಿದು. ಮೊಟ್ಟೆ, ಮರಿಹುಳು, ಕೋಶಗಳೆಲ್ಲ ಮಣ್ಣಿನೊಳಗೆ ಉಳಿದೇ ಇರುತ್ತವೆ.

ಗಿಡಕ್ಕೆ ತೊಂದರೆ ಕೊಡುವುದು ಈ ಮರಿಹುಳು. ಅರೆಪಾರದರ್ಶಕವಾದ ಬಿಳಿಯ ದೇಹ, ಹೊಳೆಯುವ ಕಪ್ಪು ತಲೆ, ಪೂರ್ಣ ಬೆಳೆದಾಗ 5ರಿಂದ 6 ಮಿಲಿಮೀಟರು ಉದ್ದ. ಈ ಗುರುತುಗಳಿಂದ ಅದನ್ನು ತಿಳಿಯಬಹುದು. ಅದರ ಮುಖ್ಯ ಆಹಾರ ಬೂಷ್ಟು, ಪಾಚಿ, ಕೊಳೆಯುತ್ತಿರುವ ಎಲೆ ಮತ್ತು ಗೊಬ್ಬರ. ಸಂಖ್ಯೆ ಮಿತಿಯಲ್ಲಿದ್ದರೆ ಬಲಿತ ಗಿಡಕ್ಕೆ ಯಾವ ಹಾನಿಯೂ ಕಾಣದು. ಸಂಖ್ಯೆ ಹೆಚ್ಚಿದಾಗ ಅದು ಬೇರಿನ ರೋಮಗಳನ್ನೂ ಎಳೆಯ ಬೇರುಗಳನ್ನೂ ಕಡಿಯತೊಡಗುತ್ತದೆ. ಆಗ ಮೊದಲು ಬಲಿಯಾಗುವವು ಬೀಜದಿಂದ ಆಗ ತಾನೇ ಎದ್ದ ಸಸಿಗಳು ಮತ್ತು ಬೇರು ಬಿಡುತ್ತಿರುವ ಕಡ್ಡಿಗಳು. ಸಸಿಯ ಬುಡವನ್ನು ಕೊಳೆಸುವ ಪಿಥಿಯಂ, ಫ್ಯುಸೇರಿಯಂ ಮೊದಲಾದ ರೋಗಕಾರಕಗಳು ಹರಡಲು ಈ ಹುಳುಗಳೂ ನೊಣಗಳೂ ನೆರವಾಗುತ್ತವೆ. ನಾಲ್ಕು ದಿನ ಹಸಿರಾಗಿದ್ದ ಮೆಂತ್ಯದ ತಟ್ಟೆಯು ಐದನೆಯ ದಿನ ಬುಡ ಕರಗಿ ಮಲಗಿದರೆ ಇದನ್ನೂ ಒಂದು ಕಾರಣವೆಂದು ಶಂಕಿಸಬೇಕು. ಅಣಬೆ ಬೆಳೆಗಾರರಿಗಂತೂ ಇದೇ ಕುಟುಂಬದ ನೊಣಗಳು ಬಹು ಹಿಂದಿನಿಂದಲೂ ತಲೆನೋವಾಗಿವೆ. ಹಿಮಾಚಲ ಪ್ರದೇಶದ ಸೋಲನ್‌ನಲ್ಲಿರುವ ಅಣಬೆ ಸಂಶೋಧನಾ ನಿರ್ದೇಶನಾಲಯವು ಬೆಳೆಗಾರರಿಗೆ ಎಚ್ಚರಿಕೆ ನೀಡುವ ಕೀಟಗಳಲ್ಲಿ ಇವೂ ಸೇರಿವೆ.

ನೊಣವನ್ನು ಕರೆಯುವವರು ಯಾರು?

ನೊಣವು ಗಿಡವನ್ನು ಅರಸಿ ಬರುವುದಿಲ್ಲ. ಒದ್ದೆಯನ್ನೂ ಬೂಷ್ಟನ್ನೂ ಅರಸಿ ಬರುತ್ತದೆ. ಇವೆರಡನ್ನೂ ಒದಗಿಸುವವರು ಬಹುಮಟ್ಟಿಗೆ ನಾವೇ.

ನಗರದ ಕುಂಡಗಳಲ್ಲಿ ಈಗ ತೋಟದ ಮಣ್ಣು ಕಡಿಮೆ. ತೆಂಗಿನ ನಾರಿನ ಪುಡಿಯನ್ನು ಎರೆಗೊಬ್ಬರದೊಡನೆ ಬೆರೆಸಿ ಬಳಸುವುದು ರೂಢಿಯಾಗಿದೆ. ಒಂದು ಕಾಲಕ್ಕೆ ನಾರಿನ ಗಿರಣಿಗಳ ಬಳಿ ಗುಡ್ಡೆ ಬೀಳುತ್ತಿದ್ದ ಈ ಪುಡಿಯು ಇಂದು ಇಟ್ಟಿಗೆಯ ಆಕಾರದಲ್ಲಿ ಒತ್ತಲ್ಪಟ್ಟು 'ಕೊಕೊಪೀಟ್' ಎಂಬ ಹೆಸರಿನಿಂದ ಎಲ್ಲೆಡೆ ಮಾರಾಟವಾಗುತ್ತಿದೆ. ಅದು ಹಗುರವಾದುದು, ಉಪಯುಕ್ತವಾದುದು. ಆದರೆ ಅದರ ಒಂದು ಗುಣವನ್ನು ತಿಳಿದಿರಬೇಕು: ಅದು ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುತ್ತದೆ, ಮೇಲ್ಪದರವು ಒಣಗಿ ತಿಳಿಗಂದು ಬಣ್ಣಕ್ಕೆ ತಿರುಗಿದಾಗಲೂ ಒಳಗೆ ಒದ್ದೆಯಾಗಿಯೇ ಇರುತ್ತದೆ. ಮೇಲ್ನೋಟಕ್ಕೆ ಒಣಗಿದೆಯೆಂದು ಭಾವಿಸಿ ಪುನಃ ಪುನಃ ನೀರೆರೆದರೆ ಕುಂಡವು ಎಂದಿಗೂ ಆರುವುದಿಲ್ಲ. ಮಣ್ಣಿನ ಕುಂಡದ ಗೋಡೆಯಿಂದ ಸ್ವಲ್ಪ ನೀರು ಆವಿಯಾಗಿ ಹೋಗುತ್ತದೆ. ಪ್ಲಾಸ್ಟಿಕ್ ಮತ್ತು ಮೆರುಗಿನ ಪಿಂಗಾಣಿ ಕುಂಡಗಳಲ್ಲಿ ಆ ಅನುಕೂಲವೂ ಇಲ್ಲ.

ಎರಡನೆಯದಾಗಿ, ಅಕ್ಕಿ ತೊಳೆದ ನೀರು, ಹಾಲಿನ ಪಾತ್ರೆ ತೊಳೆದ ನೀರು, ಸೋಸಿದ ಚಹಾದ ಚರಟ, ನೆನೆಸಿದ ಹಿಂಡಿಯ ನೀರು ಇವುಗಳನ್ನು ಗಿಡಕ್ಕೆ ಹಾಕುವ ಪದ್ಧತಿ ನಮ್ಮ ಮನೆಗಳಲ್ಲಿದೆ. ಹಿತ್ತಿಲಿನ ನೆಲಕ್ಕೆ ಇದು ಒಪ್ಪುತ್ತದೆ. ಅಲ್ಲಿ ಬಿಸಿಲು, ಗಾಳಿ, ಎರೆಹುಳು ಎಲ್ಲವೂ ಸೇರಿ ಅದನ್ನು ಅರಗಿಸುತ್ತವೆ. ಮುಚ್ಚಿದ ಕೋಣೆಯ 8 ಅಂಗುಲದ ಕುಂಡದಲ್ಲಿ ಅದೇ ಪಿಷ್ಟ, ಅದೇ ಜಿಡ್ಡು ಬೂಷ್ಟಿಗೆ ಊಟವಾಗುತ್ತದೆ. ಆ ಬೂಷ್ಟು ನೊಣದ ಮರಿಗಳಿಗೆ ಊಟವಾಗುತ್ತದೆ. ಅರೆಬೆಂದ ಗೊಬ್ಬರದಿಂದಲೂ ಇದೇ ಪರಿಣಾಮ.

ಮೂರನೆಯದು ಋತು. ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಕುಂಡದ ನೀರು ಆವಿಯಾಗುವುದು ತೀರ ನಿಧಾನ. ಪುಣೆ, ಹೈದರಾಬಾದುಗಳಲ್ಲಿಯೂ ಮಳೆಗಾಲದಲ್ಲಿ ಹಾಗೆಯೇ. ಚೆನ್ನೈಗೆ ಈ ಕಾಲವು ಹಿಂಗಾರಿನೊಡನೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬರುತ್ತದೆ. ದೆಹಲಿಯವರು ಡಿಸೆಂಬರ್, ಜನವರಿಯ ಚಳಿಗೆ ಕುಂಡಗಳನ್ನು ಒಳಗೆ ತಂದು ಕಿಟಕಿ ಮುಚ್ಚುತ್ತಾರೆ. ಗಿಡದ ಬೆಳವಣಿಗೆ ಕುಂಠಿತವಾಗಿ ಅದು ನೀರು ಕುಡಿಯುವುದು ಕಡಿಮೆಯಾಗುತ್ತದೆ, ಆದರೆ ನೀರೆರೆಯುವ ಕೈ ಮಾತ್ರ ಮೇ ತಿಂಗಳಿನ ಅಭ್ಯಾಸವನ್ನು ಬಿಟ್ಟಿರುವುದಿಲ್ಲ. ಆಯಾ ಊರಿನ ಋತುಮಾನಕ್ಕೆ ಅನುಸಾರವಾಗಿ ನೀರಿನ ಪ್ರಮಾಣವನ್ನು ಬದಲಿಸುವುದೇ ಈ ಪೀಡೆಯ ಮೊದಲ ಚಿಕಿತ್ಸೆ.

ತುಳಸಿಯ ವಿಷಯದಲ್ಲಿ ಒಂದು ಮಾತು. ದಿನವೂ ನೀರೆರೆದು ನಮಸ್ಕರಿಸುವ ಸಂಪ್ರದಾಯವುಳ್ಳವರಿಗೆ, ನೀರು ಕಡಿಮೆ ಮಾಡಿ ಎಂದು ಹೇಳುವುದು ಸುಲಭವಲ್ಲ. ಅಂಗಳದ ಬೃಂದಾವನಕ್ಕೆ ಎರೆದ ಒಂದು ಚೆಂಬು ನೀರು ನೆಲಕ್ಕೆ ಇಂಗಿಹೋಗುತ್ತಿತ್ತು. ಬಾಲ್ಕನಿಯ ಕುಂಡದಲ್ಲಿ ಅದು ಇಂಗಲು ಸ್ಥಳವಿಲ್ಲ. ಮಳೆ ಮತ್ತು ಚಳಿಯ ದಿನಗಳಲ್ಲಿ ಒಂದು ಉದ್ಧರಣೆಯಷ್ಟು ನೀರನ್ನು ಅರ್ಪಿಸಿ, ಗಿಡಕ್ಕೆ ಬೇಕಾದ ನೀರನ್ನು ಮಣ್ಣು ನೋಡಿ ಎರೆದರೆ ಆಚಾರಕ್ಕೂ ಭಂಗವಿಲ್ಲ, ಗಿಡವೂ ಉಳಿಯುತ್ತದೆ.

ಮಣ್ಣಿನ ನುಸಿ: ಕಾಣದ ಕಾವಲುಗಾರ

ಇನ್ನು ಮಣ್ಣಿನ ಮೇಲೆ ಹರಿದಾಡುವ ಎಂಟು ಕಾಲಿನ ಜೀವಿಗಳತ್ತ ಗಮನ ಹರಿಸೋಣ. ಬಿಳಿಯ ಕಾಗದದ ಮೇಲೆ ಒಂದು ಚಮಚ ಮೇಲ್ಮಣ್ಣನ್ನು ಹರಡಿ, ಭೂತಗನ್ನಡಿಯಿಂದ ಕೆಲವು ನಿಮಿಷ ನೋಡಿದರೆ ಮುಖ್ಯವಾಗಿ ಮೂರು ಬಗೆಯ ನಿವಾಸಿಗಳು ಕಾಣಸಿಗುತ್ತವೆ.

ಮೊದಲನೆಯದು, ಗುಂಡಗೆ, ಕಪ್ಪಾಗಿ ಅಥವಾ ಕಂದಾಗಿ, ಪುಟ್ಟ ಎಳ್ಳಿನ ಚೂರಿನಂತೆ ಹೊಳೆಯುತ್ತ ಬಹು ನಿಧಾನವಾಗಿ ನಡೆಯುವ ನುಸಿ. ಇವನ್ನು ಒರಿಬ್ಯಾಟಿಡ್ ನುಸಿಗಳೆನ್ನುತ್ತಾರೆ. ಒಣಗಿದ ಎಲೆ, ಬೂಷ್ಟುಗಳನ್ನು ತಿಂದು, ಅವುಗಳ ಸಾರವು ಮರಳಿ ಗಿಡಕ್ಕೆ ದೊರೆಯುವಂತೆ ಮಾಡುವುದು ಇವುಗಳ ಕಾಯಕ. ಬೇರಿಗೆ ಇವುಗಳಿಂದ ಹಾನಿಯಿಲ್ಲ. ಎರಡನೆಯದು, ಬೆಳ್ಳಗೆ ಅಥವಾ ಬೂದುಬಣ್ಣವಾಗಿದ್ದು, ಮುಟ್ಟಿದರೆ ಚಿಮ್ಮಿ ಹಾರುವ ಜೀವಿ. ಇದಕ್ಕೆ ಆರು ಕಾಲು. ಇದು ನುಸಿಯಲ್ಲ, 'ಸ್ಪ್ರಿಂಗ್‌ಟೇಲ್' ಎಂದು ಪ್ರಸಿದ್ಧವಾದ ಜಿಗಿಬಾಲದ ಜೀವಿ. ಇದೂ ಬಹುಮಟ್ಟಿಗೆ ಬೂಷ್ಟನ್ನೇ ತಿಂದು ಬದುಕುವಂಥದು. ಇದರ ಸಂಖ್ಯೆ ಹೆಚ್ಚಿದ್ದರೆ ನೀರು ಹೆಚ್ಚಾಗಿದೆ ಎಂದು ತಿಳಿದರೆ ಸಾಕು.

ಮೂರನೆಯದು ನಮ್ಮ ನಿಜವಾದ ಹಿತೈಷಿ. ತಿಳಿಗಂದು ಬಣ್ಣದ, ಒಂದು ಮಿಲಿಮೀಟರಿಗಿಂತ ಚಿಕ್ಕದಾದ, ಚುರುಕಾಗಿ ಓಡುವ ನುಸಿ ಅದು. ಬೇಟೆಯಾಡಿ ಬದುಕುವ ಈ ಗುಂಪಿನಲ್ಲಿ ಹೆಚ್ಚು ಅಧ್ಯಯನಕ್ಕೊಳಗಾದುದು ಸ್ಟ್ರೇಟಿಯೋಲೇಲಾಪ್ಸ್ ಸಿಮಿಟಸ್. ಹಳೆಯ ಪುಸ್ತಕಗಳಲ್ಲಿ ಇದು ಹೈಪೋಆಸ್ಪಿಸ್ ಮೈಲ್ಸ್ ಎಂಬ ಹೆಸರಿನಿಂದ ಉಕ್ತವಾಗಿದೆ. ಮಣ್ಣಿನ ಮೇಲಿನ ಒಂದೆರಡು ಅಂಗುಲದಲ್ಲಿ ಸಂಚರಿಸುತ್ತ ಇದು ಶಿಲೀಂಧ್ರ ನೊಣದ ಮೊಟ್ಟೆಗಳನ್ನೂ ಎಳೆಯ ಹುಳುಗಳನ್ನೂ, ಎಲೆಗಳನ್ನು ಕೆರೆದು ರಸ ಹೀರುವ ಥ್ರಿಪ್ಸ್ ಕೀಟವು ಮಣ್ಣಿಗಿಳಿದು ಕೋಶವಾದಾಗ ಅದನ್ನೂ ಹಿಡಿದು ತಿನ್ನುತ್ತದೆ. ಬೇಟೆ ದೊರೆಯದಿದ್ದಾಗ ಮಣ್ಣಿನ ಇತರ ಸೂಕ್ಷ್ಮಜೀವಿಗಳನ್ನೂ ಕೊಳೆತ ಪದಾರ್ಥವನ್ನೂ ತಿಂದು ಜೀವ ಹಿಡಿದುಕೊಳ್ಳುತ್ತದೆ. ಬೇರನ್ನಾಗಲಿ ಎಲೆಯನ್ನಾಗಲಿ ಮುಟ್ಟುವುದಿಲ್ಲ. ಯೂರೋಪ್ ಮತ್ತು ಉತ್ತರ ಅಮೆರಿಕದ ಗಾಜಿನ ಮನೆಗಳ ಬೆಳೆಗಾರರು ಇದನ್ನು ಸಾಕಿ, ಡಬ್ಬಿಗಳಲ್ಲಿ ತುಂಬಿ ಮಾರುವವರಿಂದ ಕೊಂಡು ಕುಂಡಗಳ ಮೇಲೆ ಉದುರಿಸುತ್ತಾರೆ. ಪೀಡೆ ಹೆಚ್ಚುವ ಮೊದಲೇ ಬಿಟ್ಟರೆ ಇದರ ಪ್ರಯೋಜನ ಅಧಿಕ. ಪೀಡೆ ಉಕ್ಕಿದ ಮೇಲೆ ನುಸಿಯೊಂದರಿಂದಲೇ ಅದನ್ನು ಅಡಗಿಸಲಾಗದು.

ಎಲ್ಲ ನುಸಿಗಳೂ ಸಾಧುಗಳೆಂದು ಇದರ ಅರ್ಥವಲ್ಲ. ಎಲೆಯ ಅಡಿಯಲ್ಲಿ ಜೇಡರ ಬಲೆಯಂತಹ ಎಳೆ ನೇಯ್ದು, ಎಲೆಯ ತುಂಬ ಹಳದಿ ಚುಕ್ಕೆಗಳನ್ನುಂಟುಮಾಡುವ ಕೆಂಪು ನುಸಿಯು ಪೀಡೆಯೇ ಸರಿ. ಲಿಲ್ಲಿ ಮೊದಲಾದ ಗಡ್ಡೆಗಳನ್ನು ಕೊರೆದು ಕೊಳೆಸುವ ಗಡ್ಡೆ ನುಸಿಯೂ ಉಂಟು. ಅದು ಮುತ್ತಿನಂತೆ ಬೆಳ್ಳಗೆ, ಉಬ್ಬಿಕೊಂಡು, ಮಂದಗತಿಯಲ್ಲಿ ಗಡ್ಡೆಯ ಪದರಗಳ ನಡುವೆ ಗುಂಪಾಗಿರುತ್ತದೆ. ನೆನಪಿಡಲು ಸುಲಭವಾದ ಸೂತ್ರವೆಂದರೆ, ಎಲೆಯ ಮೇಲೆ ಅಥವಾ ಗಡ್ಡೆಯೊಳಗೆ ಗುಂಪುಗೂಡಿ ಕೂತಿರುವುದನ್ನು ಶಂಕಿಸಿರಿ. ಮಣ್ಣಿನ ಮೇಲೆ ಒಂಟಿಯಾಗಿ ಓಡಾಡುವುದನ್ನು ಅದರ ಪಾಡಿಗೆ ಬಿಡಿರಿ.

ಈ ಸೂಕ್ಷ್ಮಜೀವಿಗಳ ಅಧ್ಯಯನದಲ್ಲಿ ಕನ್ನಡ ನಾಡಿಗೆ ಗೌರವದ ಸ್ಥಾನವಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ನುಸಿಶಾಸ್ತ್ರದ ಭಾರತೀಯ ಅಗ್ರಗಣ್ಯರಲ್ಲಿ ಒಬ್ಬರಾದ ಡಾ. ಜಿ. ಪಿ. ಚನ್ನಬಸವಣ್ಣನವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಈ ಶಾಸ್ತ್ರಕ್ಕೆ ಭದ್ರವಾದ ಬುನಾದಿ ಹಾಕಿದರು. 1986ರಲ್ಲಿ ಏಳನೆಯ ಅಂತರರಾಷ್ಟ್ರೀಯ ನುಸಿಶಾಸ್ತ್ರ ಸಮ್ಮೇಳನವು ಬೆಂಗಳೂರಿನಲ್ಲಿಯೇ ನಡೆಯಿತು. ಪೀಡೆಗಳನ್ನು ತಿನ್ನುವ ಉಪಕಾರಿ ಜೀವಿಗಳನ್ನು ಕುರಿತು ಸಂಶೋಧನೆ ನಡೆಸುವ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಕೂಡ ಅದೇ ನಗರದಲ್ಲಿದೆ.

ವಿಷವು ಏಕೆ ಪರಿಹಾರವಲ್ಲ?

ನರ್ಸರಿಗೆ ಹೋಗಿ ದೂರು ಹೇಳಿದರೆ ಕೆಲವರು ಇಂದಿಗೂ ಒಂದು ಪೊಟ್ಟಣದಲ್ಲಿ ಹರಳಿನಂತಹ ಪುಡಿಯನ್ನು ಕಟ್ಟಿಕೊಡುವುದುಂಟು. ಹೆಸರಿಲ್ಲ, ಲೇಬಲ್ಲಿಲ್ಲ, ಮುನ್ನೆಚ್ಚರಿಕೆಯ ಮಾತಿಲ್ಲ. ಹಿಂದೆ ಇಂತಹ ಪೊಟ್ಟಣಗಳಲ್ಲಿ ಫೋರೇಟ್ ಎಂಬ ಹರಳು ಕೀಟನಾಶಕ ಇರುತ್ತಿದ್ದುದು ಸಾಮಾನ್ಯ. ಚರ್ಮದ ಮೂಲಕವೂ ಉಸಿರಿನ ಮೂಲಕವೂ ದೇಹವನ್ನು ಸೇರಿ ನರಮಂಡಲವನ್ನು ಬಾಧಿಸುವ ಉಗ್ರ ವಿಷವದು. 2018ರ ಆಗಸ್ಟ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯವು ಹೊರಡಿಸಿದ ಆದೇಶದಂತೆ ಫೋರೇಟ್, ಡೈಕ್ಲೋರ್ವಾಸ್ ಸೇರಿದಂತೆ ಕೆಲವು ಕೀಟನಾಶಕಗಳ ಬಳಕೆಯನ್ನು 2020ರ ಡಿಸೆಂಬರ್ 31ರಿಂದ ನಿಷೇಧಿಸಲಾಗಿದೆ. ತಿಗಣೆ, ಜಿರಳೆಗಳಿಗೆಂದು ಎಷ್ಟೋ ಮನೆಗಳಲ್ಲಿ ಸಿಂಪಡಿಸಲಾಗುತ್ತಿದ್ದ ದ್ರವವು ಈ ಡೈಕ್ಲೋರ್ವಾಸ್. ಕಪಾಟಿನ ಮೂಲೆಯಲ್ಲಿ ಹಳೆಯ ಸೀಸೆ ಅಥವಾ ಪೊಟ್ಟಣ ಉಳಿದಿದ್ದರೆ ಅದನ್ನು ಕುಂಡಕ್ಕೆ ಹಾಕಿ ಮುಗಿಸುವ ಯೋಚನೆ ಸರ್ವಥಾ ಕೂಡದು.

ಕೀಟನಾಶಕದ ಯಾವುದೇ ಡಬ್ಬಿಯನ್ನು ಕೊಳ್ಳುವಾಗ ಅದರ ಲೇಬಲ್ಲಿನ ಮೇಲೆ ಚಚ್ಚೌಕವೊಂದು ಮುದ್ರಿತವಾಗಿರುವುದನ್ನು ಗಮನಿಸಿರಿ. 1971ರ ಕೀಟನಾಶಕ ನಿಯಮಗಳ ಪ್ರಕಾರ ಅದರ ಕೆಳಭಾಗದ ತ್ರಿಕೋನದ ಬಣ್ಣವು ವಿಷದ ತೀವ್ರತೆಯನ್ನು ಸೂಚಿಸುತ್ತದೆ. ಕೆಂಪು ಅತ್ಯಂತ ಉಗ್ರ; ಅನಂತರ ಹಳದಿ; ಅದಕ್ಕಿಂತ ಕಡಿಮೆ ನೀಲಿ; ಎಲ್ಲಕ್ಕಿಂತ ಕಡಿಮೆ ಹಸಿರು. ಅಕ್ಷರ ಬಾರದವರಿಗೂ ತಿಳಿಯಲೆಂದು ಮಾಡಿದ ಏರ್ಪಾಡು ಇದು. ಲೇಬಲ್ಲಿಲ್ಲದ ಪೊಟ್ಟಣವನ್ನು ಮನೆಗೆ ತರುವುದೆಂದರೆ ಈ ರಕ್ಷಣೆಯನ್ನೇ ಕಳೆದುಕೊಂಡಂತೆ.

ಮನುಷ್ಯರ ಆರೋಗ್ಯದ ಮಾತು ಒತ್ತಟ್ಟಿಗಿರಲಿ. ಪೀಡೆಯ ನಿವಾರಣೆಗಾದರೂ ಈ ವಿಷದಿಂದ ಲಾಭವಿದೆಯೇ ಎಂದರೆ ಅದೂ ಕಡಿಮೆಯೇ. ಕಂಡದ್ದನ್ನೆಲ್ಲ ಕೊಲ್ಲುವ ವಿಷವು ಬೇಟೆಗಾರ ನುಸಿಯನ್ನೂ ಕೊಲ್ಲುತ್ತದೆ. ರೆಕ್ಕೆಯುಳ್ಳ ನೊಣವು ಪಕ್ಕದ ಕುಂಡದಿಂದಲೋ ನೆರೆಮನೆಯ ಬಾಲ್ಕನಿಯಿಂದಲೋ ಹಾರಿಬಂದು ಮತ್ತೆ ಮೊಟ್ಟೆಯಿಡುತ್ತದೆ. ರೆಕ್ಕೆಯಿಲ್ಲದ ನುಸಿಯು ಹಾಗೆ ಬೇಗ ಮರಳಿ ಬರಲಾರದು. ಕೆಲವು ವಾರಗಳ ಅನಂತರ ಕಾವಲಿಲ್ಲದ ಕುಂಡದಲ್ಲಿ ನೊಣಗಳು ಮೊದಲಿಗಿಂತಲೂ ಹೆಚ್ಚಾಗಿ ಏಳುವುದುಂಟು. ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ನೀರನ್ನು ಪದೇ ಪದೇ ಸುರಿಯುವುದರಲ್ಲಿಯೂ ಇದೇ ದೋಷವಿದೆ. ಅದು ಹಗೆ, ಹಿತೈಷಿ ಎಂದು ಭೇದವೆಣಿಸುವುದಿಲ್ಲ.

ಮಾಡಬೇಕಾದುದೇನು?

ಮೊದಲು ಪರೀಕ್ಷೆ. ಆಲೂಗಡ್ಡೆಯ ಸಿಪ್ಪೆ ತೆಗೆದು, ಸುಮಾರು ಒಂದು ಅಂಗುಲದ ತುಂಡೊಂದನ್ನು ಕುಂಡದ ಮಣ್ಣಿನಲ್ಲಿ ಸ್ವಲ್ಪ ಅದುಮಿ ಇಡಿರಿ. ಎರಡು ಮೂರು ದಿನಗಳ ಅನಂತರ ಅದನ್ನು ಮಗುಚಿ ನೋಡಿದರೆ, ಅಡಿಯಲ್ಲಿ ಕಪ್ಪು ತಲೆಯ ಬಿಳಿ ಹುಳುಗಳು ಸೇರಿರುತ್ತವೆ. ಯಾವ ಕುಂಡದಲ್ಲಿ ಹುಳುಗಳಿವೆಯೋ ಆ ಕುಂಡಕ್ಕೆ ಮಾತ್ರ ಉಪಚಾರ ಮಾಡಿದರೆ ಸಾಕು. ಹುಳು ಸೇರಿದ ತುಂಡುಗಳನ್ನು ಎಸೆದು ಹೊಸದನ್ನು ಇಡುತ್ತ ಬಂದರೆ ಅಷ್ಟರಮಟ್ಟಿಗೆ ಅವುಗಳ ಸಂಖ್ಯೆಯೂ ಇಳಿಯುತ್ತದೆ.

ಎರಡನೆಯದು ನೀರಿನ ಹತೋಟಿ. ಮೇಲಿನ ಒಂದು ಅಂಗುಲದಷ್ಟು ಪದರವು ಪೂರ್ಣವಾಗಿ ಆರಿದ ಮೇಲೆಯೇ ಮತ್ತೆ ನೀರೆರೆಯಿರಿ. ಉರಿದು ಮುಗಿದ ಊದುಬತ್ತಿಯ ಕಡ್ಡಿಯನ್ನು ಮಣ್ಣಿಗೆ ಚುಚ್ಚಿ ತೆಗೆದರೆ ಒದ್ದೆ ಎಲ್ಲಿಯವರೆಗಿದೆ ಎಂಬುದು ತಿಳಿಯುತ್ತದೆ. ಚಿಕ್ಕ ಕುಂಡವನ್ನು ಎತ್ತಿ ಅದರ ಭಾರದಿಂದಲೂ ಅಂದಾಜು ಮಾಡಬಹುದು. ಆರಿದ ಮೇಲ್ಪದರದಲ್ಲಿ ನೊಣದ ಮೊಟ್ಟೆಗಳೂ ಎಳೆಯ ಹುಳುಗಳೂ ಬದುಕಲಾರವು. ಕುಂಡವನ್ನು ಪೂರ್ಣವಾಗಿ ಒಣಗಿಸುವ ಅಗತ್ಯವಿಲ್ಲ. ಕೆಳಗೆ ಹದವಾದ ತೇವವಿದ್ದರೆ ಬೇರಿಗೂ ಕ್ಷೇಮ, ಕೆಳಗೆ ಸರಿಯುವ ನುಸಿಗಳಿಗೂ ಕ್ಷೇಮ. ಸಾಧ್ಯವಾದರೆ ಕುಂಡವನ್ನು ನೀರು ತುಂಬಿದ ಬೋಗುಣಿಯಲ್ಲಿ ಅರ್ಧ ಗಂಟೆ ಇರಿಸಿ, ಅಡಿಯ ರಂಧ್ರದಿಂದ ನೀರು ಹೀರಿಕೊಳ್ಳುವಂತೆ ಮಾಡಿ, ಅನಂತರ ಹೊರತೆಗೆಯಿರಿ.

ಮೂರನೆಯದು ತಟ್ಟೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಮಣ್ಣನ್ನು ಸದಾ ಒದ್ದೆಯಾಗಿಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯು ಇಂತಹ ತಿಳಿನೀರಿನಲ್ಲಿಯೇ ಮರಿ ಮಾಡುತ್ತದೆ. ನೀರೆರೆದ ಸ್ವಲ್ಪ ಹೊತ್ತಿನಲ್ಲಿಯೇ ತಟ್ಟೆಯನ್ನು ಬರಿದು ಮಾಡಿರಿ. ವಾರಕ್ಕೊಮ್ಮೆಯಾದರೂ ಉಜ್ಜಿ ತೊಳೆದು ಒಣಗಿಸಿರಿ. ಶಿಲೀಂಧ್ರ ನೊಣದಿಂದ ಮನುಷ್ಯರಿಗೆ ಅಪಾಯವಿಲ್ಲವಾದರೂ ಅದರ ನೆರೆಯಲ್ಲಿಯೇ ಬೆಳೆಯಬಲ್ಲ ಈ ಸೊಳ್ಳೆಯಿಂದ ಪ್ರಾಣಾಪಾಯವಿದೆ.

ನಾಲ್ಕನೆಯದು ಅಂಟುಪಟ್ಟಿ. ಹಳದಿ ಬಣ್ಣವು ಈ ನೊಣಗಳನ್ನು ಆಕರ್ಷಿಸುತ್ತದೆ. ಅಂಟು ಬಳಿದ ಹಳದಿ ಹಾಳೆಯನ್ನು ಮಣ್ಣಿನ ಮಟ್ಟಕ್ಕೆ ಹತ್ತಿರವಾಗಿ ನಿಲ್ಲಿಸಿದರೆ ಮೊಟ್ಟೆಯಿಡಲು ಬಂದ ನೊಣಗಳು ಅದಕ್ಕೆ ಅಂಟಿಕೊಳ್ಳುತ್ತವೆ. ವಾರವಾರವೂ ಅಂಟಿದ ನೊಣಗಳನ್ನು ಎಣಿಸಿ ಬರೆದಿಟ್ಟರೆ ಪೀಡೆ ಇಳಿಯುತ್ತಿದೆಯೇ ಎಂಬುದಕ್ಕೆ ಲೆಕ್ಕ ದೊರೆಯುತ್ತದೆ. ಮಕ್ಕಳಿಗೆ ವಹಿಸಬಹುದಾದ ಸೊಗಸಾದ ಕೆಲಸವಿದು.

ಇಷ್ಟರಿಂದಲೂ ಶಮನವಾಗದಿದ್ದರೆ ಜೈವಿಕ ಉಪಾಯವಿದೆ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಪತ್ತೆಯಾದ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್ ಎಂಬ ಬ್ಯಾಕ್ಟೀರಿಯಾವು ಸೊಳ್ಳೆಯ ಮರಿಗಳನ್ನು ನಾಶಪಡಿಸಲು ನಮ್ಮ ದೇಶದಲ್ಲಿಯೂ ಬಳಕೆಯಲ್ಲಿದೆ. ಅದನ್ನು ನುಂಗಿದ ಶಿಲೀಂಧ್ರ ನೊಣದ ಎಳೆಯ ಹುಳುಗಳೂ ಸಾಯುತ್ತವೆ. ನುಸಿಗಳಿಗೆ, ಎರೆಹುಳುಗಳಿಗೆ ಅದರಿಂದ ಬಾಧೆಯಿಲ್ಲ. ಮಣ್ಣಿನಲ್ಲಿ ಅದರ ಪ್ರಭಾವ ಬಹುಕಾಲ ನಿಲ್ಲದುದರಿಂದ ವಾರಕ್ಕೊಮ್ಮೆಯಂತೆ ಕೆಲವು ಸಲ ನೀರಿನೊಡನೆ ಎರೆಯಬೇಕಾಗುತ್ತದೆ. ಕೊಳ್ಳುವಾಗ ಹೆಸರಿನ ಕೊನೆಯ ಪದವನ್ನು ನೋಡುವುದು ಅವಶ್ಯ. 'ಕುರ್ಸ್ಟಾಕಿ' ಎಂದಿದ್ದರೆ ಅದು ಎಲೆ ತಿನ್ನುವ ಕಂಬಳಿಹುಳುಗಳಿಗೆ ಮೀಸಲಾದುದು. ಈ ನೊಣದ ಮೇಲೆ ಅದು ನಿರರ್ಥಕ. ಬೇವಿನ ಹಿಂಡಿಯನ್ನು ಒಳಾಂಗಣದ ಕುಂಡಕ್ಕೆ ಹೇರಳವಾಗಿ ಹಾಕುವುದು ತರವಲ್ಲ. ಒದ್ದೆಯಲ್ಲಿ ಅದೇ ಬೂಷ್ಟು ಹಿಡಿದು ನೊಣವನ್ನು ಕರೆಯುವ ಸಂಭವವಿದೆ.

ಬೀಜ ಬಿತ್ತುವ ತಟ್ಟೆಗಳಿಗೆ ಪ್ರತ್ಯೇಕ ಎಚ್ಚರಿಕೆ ಬೇಕು. ನಾರಿನ ಪುಡಿಯ ಮೇಲೆ ಕುದಿಯುವ ನೀರು ಸುರಿದು, ಮುಚ್ಚಿಟ್ಟು, ತಣಿದ ಮೇಲೆ ಹೆಚ್ಚಿನ ನೀರನ್ನು ಹಿಂಡಿ ಬಳಸಿರಿ. ಮೊಳಕೆಯ ಹಂತದಲ್ಲಿ ಗೊಬ್ಬರ ಬೇಡ. ಬೀಜದೊಳಗಿನ ಆಹಾರವೇ ಸಾಕು. ಸಸಿಯು ನಾಲ್ಕು ಎಲೆ ಬಿಟ್ಟ ಮೇಲೆ ಅದನ್ನು ಚೆನ್ನಾಗಿ ಕಳಿತ ಗೊಬ್ಬರವಿರುವ, ನುಸಿಗಳು ನೆಲೆಸಿರುವ ಕುಂಡಕ್ಕೆ ನಾಟಿ ಮಾಡಬಹುದು.

ಹೊಸ ಕುಂಡಗಳಿಗೆ ನುಸಿಗಳನ್ನು ಎಲ್ಲಿಂದ ತರುವುದು ಎಂದು ಕೇಳಬಹುದು. ಮಾರುಕಟ್ಟೆಗೆ ಹೋಗಬೇಕಾದ ಅಗತ್ಯವಿಲ್ಲ. ಪೂರ್ಣವಾಗಿ ಕಳಿತು, ಕಪ್ಪಾಗಿ, ಮೊದಲ ಮಳೆಯ ನೆಲದಂತೆ ವಾಸನೆ ಬೀರುವ ಎಲೆಗೊಬ್ಬರದಲ್ಲಿ ಅವು ತಾವಾಗಿಯೇ ಇರುತ್ತವೆ. ಅದರ ಒಂದು ಹಿಡಿಯನ್ನು ಬೆರೆಸಿದರೆ ಆ ಸಂತತಿಯು ಕುಂಡದಲ್ಲಿಯೂ ನೆಲೆಗೊಳ್ಳುವ ಅವಕಾಶವಿರುತ್ತದೆ. ಹುಳಿವಾಸನೆ ಬರುವ, ಬೆಚ್ಚಗಿರುವ, ನೊಣ ಏಳುವ ಗೊಬ್ಬರವನ್ನು ಮಾತ್ರ ಒಳಗೆ ತರಬಾರದು.

ಈ ಕ್ರಮಗಳಿಗೆ ತಾಳ್ಮೆ ಬೇಕು. ಒಂದು ಪೀಳಿಗೆಗೆ ಎರಡೂವರೆ ವಾರ ಹಿಡಿಯುವುದರಿಂದ, ಎರಡು ಪೀಳಿಗೆಗಳು ಕಳೆಯುವವರೆಗೆ, ಅಂದರೆ ಸುಮಾರು ಐದು ವಾರಗಳ ಕಾಲ, ನೀರಿನ ಶಿಸ್ತನ್ನು ಪಾಲಿಸಬೇಕು. ಮೊದಲ ಹತ್ತು ದಿನಗಳಲ್ಲಿ ನೊಣಗಳು ಕಾಣುತ್ತಲೇ ಇದ್ದರೆ ಧೈರ್ಯಗುಂದಬೇಕಾಗಿಲ್ಲ. ಅವು ಉಪಚಾರಕ್ಕೆ ಮೊದಲೇ ಮಣ್ಣಿನಲ್ಲಿದ್ದ ಕೋಶಗಳಿಂದ ಹೊರಬಂದವು. ಅನಂತರದ ವಾರಗಳಲ್ಲಿ ಅಂಟುಪಟ್ಟಿಯ ಲೆಕ್ಕ ಇಳಿಯತೊಡಗುತ್ತದೆ. ಆಮೇಲೆಯೂ ಒಂದೆರಡು ನೊಣಗಳು ಉಳಿಯಬಹುದು. ಅವುಗಳನ್ನು ನುಸಿಗಳಿಗೆ ಬಿಡುವುದೇ ಲೇಸು. ಬೇಟೆಯು ಸಂಪೂರ್ಣವಾಗಿ ಇಲ್ಲವಾದರೆ ಬೇಟೆಗಾರನೂ ಕ್ಷೀಣಿಸುತ್ತಾನೆ.

ಬಂಧುಗಳೇ, ಕುಂಡವೆಂಬುದು ಗಿಡವೊಂದನ್ನೇ ಹೊತ್ತ ಪಾತ್ರೆಯಲ್ಲ. ಬೂಷ್ಟು, ಅದನ್ನು ಮೇಯುವ ಹುಳು, ಹುಳುವನ್ನು ಹಿಡಿಯುವ ನುಸಿ, ಇವೆಲ್ಲ ಕೂಡಿ ಬಾಳುವ ಒಂದು ಚಿಕ್ಕ ಸಂಸಾರವದು. ಅಲ್ಲಿ ಸಮತೋಲ ತಪ್ಪಿದಾಗ ಮೊದಲು ನೋಡಬೇಕಾದುದು ನಮ್ಮ ಕೈಯಲ್ಲಿರುವ ನೀರಿನ ಚೆಂಬನ್ನು. ಮುಂದಿನ ಸಲ ಮಣ್ಣಿನ ಮೇಲೆ ಏನಾದರೂ ಹರಿದಾಡಿದಾಗ ವಿಷದ ಡಬ್ಬಿಗೆ ಕೈ ಚಾಚುವ ಮೊದಲು ಭೂತಗನ್ನಡಿಯಿಂದ ಅದರ ಕಾಲುಗಳನ್ನು ಎಣಿಸಿರಿ, ಕಡ್ಡಿಯಿಂದ ಮಣ್ಣಿನ ತೇವವನ್ನು ಪರೀಕ್ಷಿಸಿರಿ. ಹೆಚ್ಚಿನ ಮನೆಗಳಲ್ಲಿ ಅದಕ್ಕಿಂತ ಮಿಗಿಲಾದ ಔಷಧ ಬೇಕಾಗಲಾರದು.